ಟ್ರೈಕೋಡರ್ಮಾ ಲೇಪಿಸಿ ಬಿತ್ತಿದರೂ ಶೇಂಗಾ ಸಸಿ ಸಾಯುವುದೇಕೆ?

ಪ್ರಶ್ನೆ (ಚಳ್ಳಕೆರೆ ತಾಲ್ಲೂಕಿನ ರೈತ):
ಜುಲೈ ಮೊದಲ ವಾರ ನಮ್ಮ ಮಸಾರಿ ಹೊಲಕ್ಕೆ ಶೇಂಗಾ ಬಿತ್ತಿದೆವು. ಕಿಲೋ ಬೀಜಕ್ಕೆ 4 ಗ್ರಾಂ ಟ್ರೈಕೋಡರ್ಮಾ (ರೋಗ ತಡೆಯುವ ಉಪಕಾರಿ ಶಿಲೀಂಧ್ರದ ಪುಡಿ) ಲೇಪಿಸಿ, ನೆರಳಿನಲ್ಲಿ ಆರಿಸಿದ್ದೆವು. ಆಮೇಲೆ ಹದಿನೈದು ದಿನ ಮಳೆಯಾಗಲಿಲ್ಲ. ಹುಟ್ಟಿದ ಸಸಿಗಳಲ್ಲಿ ಅನೇಕವು ನೆಲಮಟ್ಟದಲ್ಲಿ ಕೊಳೆತು, ಅಲ್ಲಿ ಮಸಿಯಂಥ ಪುಡಿ ಕಾಣಿಸಿಕೊಂಡು ಬಾಡಿಹೋದವು. ಅದೇ ಬೀಜ, ಅದೇ ಪುಡಿ ಬಳಸಿದ ಅಣ್ಣನ ನೀರಾವರಿ ಹೊಲದಲ್ಲಿ ಸಾಲು ತುಂಬಿ ನಿಂತಿವೆ. ಈ ವ್ಯತ್ಯಾಸಕ್ಕೆ ಕಾರಣವೇನು?

ಉತ್ತರ 1 (ಸಸ್ಯರೋಗಶಾಸ್ತ್ರ ಓದಿದವರು, ಚಿತ್ರದುರ್ಗ):
ನೀವು ಹೇಳುವ ಲಕ್ಷಣ ಆಸ್ಪರ್ಜಿಲಸ್ ನೈಜರ್ ಎಂಬ ಶಿಲೀಂಧ್ರದಿಂದ ಬರುವ ಕತ್ತು ಕೊಳೆ ರೋಗದ್ದು. ಈ ಶಿಲೀಂಧ್ರ ಬಿಸಿ ಮಣ್ಣನ್ನೂ ತೇವದ ಕೊರತೆಯನ್ನೂ ತಾಳಿಕೊಳ್ಳುತ್ತದೆ. ಟ್ರೈಕೋಡರ್ಮಾ ಹಾಗಲ್ಲ, 25ರಿಂದ 30 ಡಿಗ್ರಿ ಉಷ್ಣತೆಯಲ್ಲಿ, ಹದವಾದ ತೇವದಲ್ಲಿ ಅದು ವೇಗವಾಗಿ ಬೆಳೆದು, ಬೀಜದಿಂದ ಒಸರುವ ಸಕ್ಕರೆಯನ್ನು ರೋಗಕಾರಕಕ್ಕಿಂತ ಮೊದಲೇ ಉಂಡು, ಎದುರಾಳಿಯ ಎಳೆಗಳಿಗೆ ಸುತ್ತಿಕೊಂಡು ಅವುಗಳ ಗೋಡೆಯನ್ನು ಕಿಣ್ವಗಳಿಂದ ಕರಗಿಸುತ್ತದೆ. ಹೀಗೆ ಅದು ರೈಜೋಕ್ಟೋನಿಯಾ ಎಂಬ ರೋಗಕಾರಕ ಶಿಲೀಂಧ್ರವನ್ನು ಆಕ್ರಮಿಸುವುದನ್ನು ವಿಜ್ಞಾನಿ ವೈಂಡ್ಲಿಂಗ್ 1932ರಲ್ಲಿಯೇ ವರದಿ ಮಾಡಿದ್ದರು. ನಿಮ್ಮ ಹೊಲದಲ್ಲಿ ಮಣ್ಣು ಕಾದು ಒಣಗಿದಾಗ ಬೀಜದ ಮೇಲಿದ್ದ ಬೀಜಾಣುಗಳು ಮೊಳೆಯಲು ತೇವವೇ ಸಿಗಲಿಲ್ಲವೆಂದು ನನ್ನ ಅಂದಾಜು. ಅಣ್ಣನವರ ಹೊಲದಲ್ಲಿ ನೀರು ಆ ಅವಕಾಶ ಕೊಟ್ಟಿತು. ಮಸಾರಿ ನೆಲದಲ್ಲಿ ಸಾವಯವ ಅಂಶ ಕಡಿಮೆಯಿರುವುದೂ ಇದಕ್ಕೆ ಕೂಡಿಕೊಂಡಿರಬಹುದು.

ಎಕರೆಗೆ 2 ಕಿಲೋ ಪುಡಿಯನ್ನು ಒಂದು ಕ್ವಿಂಟಾಲ್ ಕೊಟ್ಟಿಗೆ ಗೊಬ್ಬರದಲ್ಲಿ ಬೆರೆಸಿ, ನೆರಳಿನಲ್ಲಿ ಎರಡು ವಾರ ತೇವವಾಗಿಟ್ಟು, ಮಳೆ ಬಿದ್ದು ಹದ ಬಂದಾಗಲೇ ಸಾಲಿಗೆ ಹಾಕಿ. ಗೊಬ್ಬರ ಪೂರ್ತಿ ಕಳಿತಿರಲೇಬೇಕು. ಅರೆಕೊಳೆತ ಕಸಕಡ್ಡಿ ಸ್ಕ್ಲೆರೋಷಿಯಂ ರೋಲ್ಫ್ಸಿ ಎಂಬ ಇನ್ನೊಂದು ರೋಗಕಾರಕ ಶಿಲೀಂಧ್ರಕ್ಕೂ ಆಹಾರವಾಗಿ, ಬುಡಕೊಳೆಯನ್ನು ನಾವೇ ಕರೆತಂದಂತಾಗುತ್ತದೆ.

ಉತ್ತರ 2 (ಹರಿಹರದ ಕಡೆಯ ಬೆಳೆಗಾರ):
ನೀರು ಹೆಚ್ಚಾದರೂ ಕಷ್ಟವೇ. ನಮ್ಮ ಮೆಣಸಿನ ಸಸಿಮಡಿಯಲ್ಲಿ ನೀರು ನಿಂತಾಗ ಸಸಿಗಳು ಬುಡದಲ್ಲಿ ಬಾಗಿ ಗುಂಪುಗುಂಪಾಗಿ ಬಿದ್ದವು. ಪಿಥಿಯಂ ಎಂಬ ರೋಗಕಾರಕ ಸೂಕ್ಷ್ಮಜೀವಿಯ ಚರಬೀಜಾಣುಗಳು ನಿಂತ ನೀರಿನಲ್ಲಿ ಈಜಿ ಬೇರನ್ನು ತಲುಪುತ್ತವೆ, ಗಾಳಿಯಾಡದ ಆ ಮಣ್ಣಿನಲ್ಲಿ ಟ್ರೈಕೋಡರ್ಮಾ ಸೊರಗುತ್ತದೆ. ಮಡಿಯನ್ನು ಎತ್ತರಿಸಿ, ಬೆಳಿಗ್ಗೆ ಮಾತ್ರ ತೆಳುವಾಗಿ ನೀರು ಕೊಡಲು ಆರಂಭಿಸಿದ ಮೇಲೆ ಹಾನಿ ಬಹಳ ತಗ್ಗಿತು.

ಉತ್ತರ 3 (ಜಗಳೂರು):
ಬೀಜಕ್ಕೆ ಕಾರ್ಬೆಂಡಜಿಮ್ ಎಂಬ ರಾಸಾಯನಿಕ ಶಿಲೀಂಧ್ರನಾಶಕ ಕೂಡ ಹಾಕಿದ್ದಿರಾ? ಅದು ಟ್ರೈಕೋಡರ್ಮಾವನ್ನೇ ಕೊಲ್ಲುತ್ತದೆ.

ಪ್ರಶ್ನೆ ಕೇಳಿದವರು:
ಇಲ್ಲ, ರಾಸಾಯನಿಕ ಯಾವುದನ್ನೂ ಹಾಕಿರಲಿಲ್ಲ. ಈ ಸಲ ತಿಪ್ಪೆಯನ್ನು ಬೇಸಿಗೆಯಲ್ಲಿಯೇ ತಿರುವಿ ಕಳಿಸುತ್ತೇನೆ. ಮಳೆ ನೋಡಿ, ಮೇ ಕೊನೆಗೆ ಪುಡಿ ಬೆರೆಸಿಡುತ್ತೇನೆ.