ಪದಚರ್ಚೆ: ‘ಕ್ಯಾಸ್ಕ್ ಕಂಡೀಷನ್ಡ್’ ಎನ್ನುವುದಕ್ಕೆ ‘ಪೀಪಾಯಿಯಲ್ಲಿ ಮಾಗಿದ’ ಸಾಕೇ?

ಸನ್ಮಿತ್ರರೇ,

ಇಂಗ್ಲೆಂಡಿನ ಡರ್ಬಿಶೈರಿನಲ್ಲಿ ಬಿಯರ್ ತಯಾರಿಸುವ ಥಾರ್ನ್‌ಬ್ರಿಜ್ ಬ್ರೂವರಿ ಬೆಳೆದು ಬಂದ ಬಗೆಯನ್ನು ಕುರಿತು ಒಂದು ಲೇಖನ ಬರೆಯುತ್ತಿದ್ದೇನೆ. 2005ರಲ್ಲಿ ಥಾರ್ನ್‌ಬ್ರಿಜ್ ಹಾಲ್ ಎಂಬ ಹಳೆಯ ಬಂಗಲೆಯ ಹೊರಮನೆಗಳಲ್ಲಿ ಆರಂಭವಾದ ಈ ಬ್ರೂವರಿ 2009ರಲ್ಲಿ ಹತ್ತಿರದ ಬೇಕ್‌ವೆಲ್ ಪಟ್ಟಣದಲ್ಲಿ ದೊಡ್ಡ ಘಟಕವನ್ನು ಕಟ್ಟಿಕೊಂಡಿತು. ಅದಕ್ಕೆ ಹೆಸರು ತಂದುಕೊಟ್ಟ ಬಿಯರಿನ ಹೆಸರು ‘ಜೈಪುರ್’. ಆಲ್ಕೋಹಾಲ್ ಪ್ರಮಾಣ ಶೇ. 5.9, ಬಗೆ ಇಂಡಿಯಾ ಪೇಲ್ ಏಲ್ (ಏಲ್ ಎಂಬುದು ಬಿಯರಿನ ಒಂದು ಜಾತಿ). ಕಥೆ ಹೇಳುವುದು ಕಷ್ಟವಾಗಲಿಲ್ಲ. ಆದರೆ ಆ ಕಸುಬಿನ ನಾಲ್ಕಾರು ಪದಗಳ ಮುಂದೆ ನನ್ನ ಕನ್ನಡ ತಡವರಿಸಿತು. ಮುಖ್ಯವಾದದ್ದು ‘ಕ್ಯಾಸ್ಕ್ ಕಂಡೀಷನ್ಡ್’, ಅಂದರೆ ಪೀಪಾಯಿಗೆ ತುಂಬಿದ ಮೇಲೂ ಅದರೊಳಗೇ ಹುದುಗಿ ಸಿದ್ಧವಾಗುವ ಬಿಯರ್. ಅವುಗಳ ಬಗ್ಗೆ ನನ್ನ ಯೋಚನೆಯನ್ನು ಮುಂದಿಟ್ಟು ನಿಮ್ಮ ಅಭಿಪ್ರಾಯ ಕೇಳುತ್ತಿದ್ದೇನೆ.

ಮೊದಲು ‘ಕ್ಯಾಸ್ಕ್’. ಇದಕ್ಕೆ ‘ಪೀಪಾಯಿ’ ಎಂದು ಬರೆಯಲು ನನಗೆ ಹಿಂಜರಿಕೆಯಿಲ್ಲ. ಚಾವಿ, ಪಗಾರ, ಅಲಮಾರುಗಳ ಹಾಗೆ ಪೀಪಾಯಿಯೂ ಪೋರ್ಚುಗೀಸರಿಂದ ನಮಗೆ ಬಂದದ್ದು. ಅವರ ಭಾಷೆಯಲ್ಲಿ ‘ಪೀಪ’ ಎಂದರೆ ದ್ರಾಕ್ಷಾರಸ ತುಂಬಿಡುವ, ನಡು ಉಬ್ಬಿದ ದೊಡ್ಡ ಪಾತ್ರೆ. ಹಡಗಿನಲ್ಲಿ ಬಂದ ಈ ಮಾತಿನಲ್ಲಿ ಆಕಾರದ ನೆನಪು ಉಳಿದಿದೆಯೇ ಹೊರತು ಮರದ್ದೇ ಆಗಿರಬೇಕೆಂಬ ಕಟ್ಟುಪಾಡಿಲ್ಲ. ಇಂದಿನ ಬಹುಪಾಲು ಕ್ಯಾಸ್ಕುಗಳು ಸ್ಟೀಲಿನವಾದ್ದರಿಂದ ಇದು ಅನುಕೂಲವೇ. ಆ ಉಬ್ಬಿಗೆ ಒಂದು ಕೆಲಸವೂ ಇದೆ. ನೆಲಮಾಳಿಗೆಯಲ್ಲಿ ಪೀಪಾಯಿಯನ್ನು ಅಡ್ಡಲಾಗಿ ಮಲಗಿಸಿದಾಗ ಗಷ್ಟೆಲ್ಲ ಅದರ ಹೊಟ್ಟೆಯಲ್ಲಿ ಕೂರುತ್ತದೆ, ಮೇಲಿನ ತಿಳಿ ಮಾತ್ರ ನಲ್ಲಿಗೆ ಬರುತ್ತದೆ.

ನಾನು ಎಡವಿದ್ದು ‘ಬ್ಯಾರೆಲ್’ನಲ್ಲಿ. ಥಾರ್ನ್‌ಬ್ರಿಜ್ ಶುರುವಾದಾಗ ಅದು ಹತ್ತು ಬ್ಯಾರೆಲ್ಲಿನ ಬ್ರೂವರಿ. ಮೊದಲ ಕರಡಿನಲ್ಲಿ ನಾನು ಇದನ್ನು ‘ಹತ್ತು ಪೀಪಾಯಿಗಳ ಬ್ರೂವರಿ’ ಎಂದು ಬರೆದೆ. ಓದಿದ ಗೆಳೆಯರೊಬ್ಬರು ಅಲ್ಲಿದ್ದದ್ದು ಹತ್ತೇ ಪೀಪಾಯಿಗಳು ಎಂದು ತಿಳಿದರು. ತಪ್ಪು ಅವರದಲ್ಲ, ನನ್ನದು. ಈ ಕಸುಬಿನಲ್ಲಿ ಕ್ಯಾಸ್ಕ್ ಎಂಬುದು ಪಾತ್ರೆಯ ಜಾತಿ, ಬ್ಯಾರೆಲ್ ಎಂಬುದು ಅಳತೆ. ಒಂದು ಬ್ಯಾರೆಲ್ ಎಂದರೆ 36 ಗ್ಯಾಲನ್, ಅಂದರೆ ಸುಮಾರು 164 ಲೀಟರ್. ಅದರ ಅರ್ಧ ಕಿಲ್ಡರ್‌ಕಿನ್, ಕಾಲುಭಾಗ ಫರ್ಕಿನ್. ಇಂದು ಪಬ್ಬುಗಳಿಗೆ ಹೆಚ್ಚಾಗಿ ಹೋಗುವುದು ಒಂಬತ್ತು ಗ್ಯಾಲನ್ನಿನ ಈ ಫರ್ಕಿನ್. ಹಾಗಾಗಿ ‘ಹತ್ತು ಬ್ಯಾರೆಲ್ಲಿನ ಬ್ರೂವರಿ’ ಎಂದರೆ ಒಂದು ಸಲದ ಅಡುಗೆಯಲ್ಲಿ ಸುಮಾರು 1,640 ಲೀಟರ್ ಬಿಯರ್ ಇಳಿಸಬಲ್ಲ, ಅಂದರೆ 40 ಫರ್ಕಿನ್ ತುಂಬಬಲ್ಲ ಬ್ರೂವರಿ. ನಮ್ಮ ಸೇರು, ಕೊಳಗಗಳಲ್ಲಿಯೂ ಪಾತ್ರೆಯ ಹೆಸರು ಅಳತೆಯ ಹೆಸರಾಗಿ ನಿಂತಿದೆಯಾದ್ದರಿಂದ ಕನ್ನಡ ಓದುಗರಿಗೆ ಈ ಭೇದವನ್ನು ತಿಳಿಸುವುದು ಕಷ್ಟವಲ್ಲ. ಪಾತ್ರೆಗೆ ಪೀಪಾಯಿ, ಅಳತೆಗೆ ಬ್ಯಾರೆಲ್ ಎಂದೇ ಇಟ್ಟುಕೊಂಡಿದ್ದೇನೆ. ‘ಕೆಗ್’ ಅನ್ನು ಮಾತ್ರ ಕೆಗ್ ಎಂದೇ ಉಳಿಸಿದ್ದೇನೆ. ಹೊರಗಿನ ಅನಿಲದ ಒತ್ತಡದಿಂದ ಬಿಯರನ್ನು ಮೇಲಕ್ಕೆ ತಳ್ಳುವ ಆ ಪಾತ್ರೆಯನ್ನೂ ಪೀಪಾಯಿ ಎಂದು ಕರೆದರೆ ಇಡೀ ಲೇಖನದ ತಿರುಳೇ ಕಲಸಿಹೋಗುತ್ತದೆ.

‘ಮೈಕ್ರೋಬ್ರೂವರಿ’ಯದು ಬೇರೆ ತೊಡಕು. ಪದ ನಮ್ಮಲ್ಲಿ ಬಳಕೆಯಲ್ಲಿದೆ, ಆದರೆ ಅರ್ಥ ಸರಿದಿದೆ. ಬೆಂಗಳೂರಿನಲ್ಲಿ ಹಾಗೆಂದರೆ ತಯಾರಿಸಿದ ಜಾಗದಲ್ಲೇ ಮೇಜಿಗೆ ತಂದುಕೊಡುವ ರೆಸ್ಟೋರೆಂಟು. ಇಂಗ್ಲೆಂಡಿನಲ್ಲಿ ಅದು ಸುತ್ತಲಿನ ಊರುಗಳ ಪಬ್ಬುಗಳಿಗೆ ಪೀಪಾಯಿ ಕಳಿಸುವ ಚಿಕ್ಕ ತಯಾರಕ. ಅಲ್ಲಿ 2002ರಲ್ಲಿ ವರ್ಷಕ್ಕೆ 5,000 ಹೆಕ್ಟೋಲೀಟರ್, ಅಂದರೆ ಐದು ಲಕ್ಷ ಲೀಟರ್, ಮೀರದ ಬ್ರೂವರಿಗಳಿಗೆ ಸುಂಕವನ್ನು ಅರ್ಧಕ್ಕೆ ಇಳಿಸಿದ್ದರಿಂದ ಇಂಥ ಚಿಕ್ಕ ತಯಾರಕರು ತಲೆಯೆತ್ತಲು ಸಾಧ್ಯವಾಯಿತು. ಆದ್ದರಿಂದ ನನ್ನ ಲೇಖನದಲ್ಲಿ ‘ಕಿರುಬ್ರೂವರಿ’ ಎಂದಿದ್ದೇನೆ. ಪತ್ರಿಕೆಗಳಲ್ಲಿ ಆಗಾಗ ಕಾಣುವ ‘ಬಿಯರ್ ಭಟ್ಟಿ’ಯನ್ನು ಬೇಕೆಂದೇ ಬಿಟ್ಟಿದ್ದೇನೆ. ಭಟ್ಟಿ ಇಳಿಸುವುದು ಆವಿಯನ್ನು ತಂಪಾಗಿಸಿ ಹಿಡಿಯುವ ಕೆಲಸ, ಅದು ಸಾರಾಯಿಯದು. ಬಿಯರಿನಲ್ಲಿ ಮೊಳಕೆ ಕಟ್ಟಿ ಒಣಗಿಸಿದ ಬಾರ್ಲಿಯನ್ನು ಬಿಸಿನೀರಿನಲ್ಲಿ ನೆನೆಸಿ, ಸೋಸಿದ ಸಿಹಿರಸವನ್ನು ಹಾಪ್ ಹೂಗಳೊಂದಿಗೆ ಕುದಿಸಿ, ಆರಿದ ಮೇಲೆ ಯೀಸ್ಟ್ ಹಾಕಿ ಹುದುಗು ಬರಿಸುತ್ತಾರೆ.

ಈಗ ಮುಖ್ಯ ಪ್ರಶ್ನೆಯಾದ ‘ಕಂಡೀಷನ್’. ಪೀಪಾಯಿಗೆ ತುಂಬಿದ ಏಲ್‌ನಲ್ಲಿ ಯೀಸ್ಟ್ ಇನ್ನೂ ಜೀವಂತವಾಗಿರುತ್ತದೆ; ಉಳಿದ ಸಕ್ಕರೆಯನ್ನು ಅದು ತಿನ್ನುತ್ತ ಪೀಪಾಯಿಯೊಳಗೇ ಎರಡನೆಯ ಸಲ ಹುದುಗು ಬರಿಸುತ್ತದೆ, ಆಗ ಹುಟ್ಟಿದ ಅನಿಲ ಬಿಯರಿನಲ್ಲೇ ಕರಗಿ ನಿಲ್ಲುತ್ತದೆ. ತಯಾರಿಯ ಕೊನೆಯ ಹಂತ ನಡೆಯುವುದು ಬ್ರೂವರಿಯಲ್ಲಲ್ಲ, 11ರಿಂದ 13 ಡಿಗ್ರಿ ಸೆಲ್ಸಿಯಸ್‌ನಲ್ಲಿರುವ ಪಬ್ಬಿನ ನೆಲಮಾಳಿಗೆಯಲ್ಲಿ. ಅಲ್ಲಿನವರು ಪೀಪಾಯಿಯ ಮೇಲಿನ ಬಿರಡೆಗೆ ಮೆದು ಮರದ ಬೆಣೆ ಹೊಡೆದು ಹೆಚ್ಚಿನ ಅನಿಲವನ್ನು ಹೊರಬಿಡುತ್ತಾರೆ, ಸಾಕೆನಿಸಿದಾಗ ಗಟ್ಟಿ ಬೆಣೆ ಹೊಡೆದು ತಡೆಯುತ್ತಾರೆ. ಮೀನಿನ ಗಾಳಿಚೀಲದಿಂದ ಮಾಡಿದ ಅಂಟೊಂದು ಯೀಸ್ಟನ್ನು ಹಿಡಿದು ತಳಕ್ಕೆ ಇಳಿಸುತ್ತದೆ. ಕದಡಿದ ನೀರನ್ನು ಚಿಲ್ಲದ ಬೀಜ ತೇಯ್ದು ತಿಳಿಗೊಳಿಸುತ್ತಿದ್ದ ನಮ್ಮ ಹಿರಿಯರಿಗೆ ಇದನ್ನು ವಿವರಿಸಬೇಕಾಗಿರಲಿಲ್ಲ. ಕೊನೆಗೆ ಕೈಪಂಪಿನಿಂದ ಬಿಯರನ್ನು ಮೇಲಕ್ಕೆ ಸೇದುತ್ತಾರೆ. ‘ಡ್ರಾಫ್ಟ್’ ಎಂಬ ಮಾತಿನ ಮೂಲಾರ್ಥವೂ ಎಳೆಯುವುದು, ಸೇದುವುದು ಎಂದೇ. ಬಾವಿಯಿಂದ ನೀರು ಸೇದಿದ ಭಾಷೆ ನಮ್ಮದಾಗಿರುವಾಗ ‘ಸೇದಿದ ಬಿಯರ್’ ಎನ್ನಲು ಏಕೆ ಹಿಂದೆಗೆಯಬೇಕು ಎಂದು ನನಗೆ ಅನಿಸುತ್ತದೆ.

‘ಕಂಡೀಷನ್ಡ್’ಗೆ ಮೊದಲು ಹೊಳೆದದ್ದು ‘ಮಾಗಿದ’. ಮಾವಿನಕಾಯಿಯನ್ನು ಕಿತ್ತು, ಹುಲ್ಲಿನಲ್ಲಿ ಅಡೆ ಹಾಕಿ, ಮನೆಯ ಮೂಲೆಯಲ್ಲಿ ಮಾಗಿಸುವ ಹಾಗೆಯೇ ಇಲ್ಲೂ ಬ್ರೂವರಿಯ ಕೆಲಸ ಮುಗಿದ ಮೇಲೆ ಇನ್ನೊಂದು ಕೆಲಸವಿದೆ. ಆದರೆ ಮಾಗುವುದು ಹಣ್ಣು ತಾನಾಗಿ ಪಡೆಯುವ ಸ್ಥಿತಿ. ಬೆಣೆ ಬದಲಿಸುತ್ತ, ರುಚಿ ನೋಡುತ್ತ, ಇಂದು ಬೇಡ ನಾಳೆ ತೆರೆಯೋಣ ಎಂದು ತೀರ್ಮಾನಿಸುವ ಮನುಷ್ಯ ಆ ಮಾತಿನಲ್ಲಿಲ್ಲ. ಅವನನ್ನು ಒಳಗೊಳ್ಳುವ ಕನ್ನಡದ ಮಾತು ‘ಹದ’. ಬೆಲ್ಲದ ಪಾಕಕ್ಕೆ ಹದ, ಬಿತ್ತನೆಯ ಮಣ್ಣಿಗೆ ಹದ, ಕಾಯಿಸಿದ ಕಬ್ಬಿಣಕ್ಕೆ ಹದ: ಎಲ್ಲಿಯೂ ಅದು ವಸ್ತುವಿನ ಸ್ಥಿತಿಯೂ ಹೌದು, ಅದನ್ನು ಗುರುತಿಸುವ ಕಣ್ಣಿನ ಅನುಭವವೂ ಹೌದು. ಆದ್ದರಿಂದ ಬಿಯರ್ ತಾನೇ ಮಾಡಿಕೊಳ್ಳುವುದಕ್ಕೆ ‘ಪೀಪಾಯಿಯಲ್ಲಿ ಮಾಗುವುದು’ ಎಂದೂ ನೆಲಮಾಳಿಗೆಯವರು ಮಾಡುವುದಕ್ಕೆ ‘ಹದಕ್ಕೆ ತರುವುದು’ ಎಂದೂ ಎರಡನ್ನು ಬೇರ್ಪಡಿಸಿ ಬಳಸಿದ್ದೇನೆ. ಒಂದೇ ಇಂಗ್ಲಿಷ್ ಪದಕ್ಕೆ ಎರಡು ಕನ್ನಡ ಪದ ಬಂದಿತೆಂಬ ಆಕ್ಷೇಪವನ್ನು ನಿರೀಕ್ಷಿಸುತ್ತೇನೆ. ಇಲ್ಲಿ ಕನ್ನಡವೇ ಹೆಚ್ಚು ಸ್ಪಷ್ಟವಾಗಿದೆ ಎಂಬುದು ನನ್ನ ನಂಬಿಕೆ.

‘ಬರ್ಟನ್ ಯೂನಿಯನ್’ ಎಂಬುದನ್ನೂ ಇಲ್ಲೇ ಹೇಳಬೇಕು. ಬರ್ಟನ್ ಊರಿನ ಮಾರ್ಸ್ಟನ್ಸ್ ಬ್ರೂವರಿಯಲ್ಲಿ ಉಳಿದುಕೊಂಡಿದ್ದ ಹುದುಗಿನ ಪೀಪಾಯಿಗಳ ಈ ಹಳೆಯ ವ್ಯವಸ್ಥೆಯನ್ನು 2024ರಲ್ಲಿ ಕೈಬಿಟ್ಟಾಗ ಅದರ ಒಂದು ಸೆಟ್ ಥಾರ್ನ್‌ಬ್ರಿಜ್‌ಗೆ ಬಂದಿತು. ಅದರಲ್ಲಿ ಅವರು ಜೈಪುರ್ ಬಿಯರನ್ನೂ ಹುದುಗಿಸಿದರು. ಇದನ್ನು ‘ಸಂಘ’ ಅಥವಾ ‘ಒಕ್ಕೂಟ’ ಎಂದರೆ ಪೂರ್ತಿ ತಪ್ಪಾಗುತ್ತದೆ. ಮರದ ಪೀಪಾಯಿಗಳನ್ನು ಸಾಲಾಗಿ ಕೊಳವೆಗಳಿಂದ ಒಂದಕ್ಕೊಂದು ಕೂಡಿಸಿ, ಉಕ್ಕಿಬರುವ ಯೀಸ್ಟ್ ಮೇಲಿನ ತೊಟ್ಟಿಗೆ ಹರಿಯುವಂತೆ ಮಾಡಿರುವುದರಿಂದ ಆ ಹೆಸರು ಬಂದಿದೆ. ‘ಬರ್ಟನ್ ಪೀಪಾಯಿಜೋಡಣೆ’ ಎಂದು ಬರೆದಿದ್ದೇನೆ, ಇನ್ನೂ ಹಗುರವಾದ ಮಾತು ಸಿಕ್ಕರೆ ಬದಲಿಸುತ್ತೇನೆ.

ಒಂದು ಅರ್ಥ ಮಾತ್ರ ಎರಡು ಪದಗಳಿಗೂ ಸಿಕ್ಕದೆ ಉಳಿದಿದೆ. ಇಂಗ್ಲೆಂಡಿನ ಪಬ್ಬಿನಲ್ಲಿ ಬಿಯರಿಗೆ ‘ಒಳ್ಳೆಯ ಕಂಡೀಷನ್’ ಇದೆ ಎಂದರೆ, ಕರಗಿದ ಅನಿಲ ನಾಲಗೆಯ ಮೇಲೆ ಮೆಲ್ಲನೆ ಚುಚ್ಚುವ ಆ ಜೀವಂತಿಕೆ ಇದೆ ಎಂದೂ ಅರ್ಥ. ಅದು ಸೋಡಾದ ರಭಸವಲ್ಲ, ನೊರೆಯೂ ಅಲ್ಲ. ‘ಹದ’ ಇದನ್ನು ಸೂಚಿಸೀತು, ಆದರೆ ಹೇಳುವುದಿಲ್ಲ. ಬೆಳಗ್ಗೆ ಇಳಿಸಿದ ಕಳ್ಳು ಮಡಕೆಯಲ್ಲೇ ಹುದುಗುತ್ತ ಗಂಟೆಗಂಟೆಗೂ ಬದಲಾಗುವುದನ್ನು ಕಂಡವರಿಗೆ ಈ ಸಂವೇದನೆಗೆ ಒಂದು ಮಾತು ಗೊತ್ತಿರಲೇಬೇಕು ಎಂದು ನನಗೆ ಅನಿಸುತ್ತದೆ. ಕರಾವಳಿಯಲ್ಲಿ ಕಳ್ಳು ಇಳಿಸುವ ಮೂರ್ತೆದಾರರ ಮನೆಗಳಲ್ಲಿ, ಬಯಲುಸೀಮೆಯ ಈಚಲುವನಗಳ ಆಸುಪಾಸಿನಲ್ಲಿ ಬೆಳೆದವರು ನಿಮ್ಮಲ್ಲಿ ಇದ್ದರೆ, ಸಿಹಿ ಕಳೆದು ಹುಳಿ ಹತ್ತುವ ಮುನ್ನ, ನಾಲಗೆಗೆ ಚುರುಕು ಮುಟ್ಟಿಸುವ ಆ ನಡುಗಾಲದ ಕಳ್ಳಿಗೆ ಮನೆಯಲ್ಲಿ ಏನೆನ್ನುತ್ತಿದ್ದರು ಎಂಬುದನ್ನು, ಅದು ತುಳುವಿನದಾಗಲಿ ಕನ್ನಡದ್ದಾಗಲಿ, ದಯವಿಟ್ಟು ತಿಳಿಸಿ.