ಬಿಸಿಯಾದ ಮೇಲೆ ಸ್ಟಾರ್ಟ್ ಆಗದ ಮಾರುತಿ 800: ಬ್ಯಾಟರಿ ಹೊಸದು, ಸೆಲ್ಫ್ ರಿಪೇರಿಯಾಗಿದೆ, ಇನ್ನೇನು ನೋಡಬೇಕು?

ರೇಷ್ಮೆ ಮನೆ, ಶಿಡ್ಲಘಟ್ಟ

ಎಲ್ಲರಿಗೂ ನಮಸ್ಕಾರ. ನಮ್ಮದು 1996ರ ಮಾರುತಿ 800, ಕಾರ್ಬುರೇಟರ್ ಗಾಡಿ. ಆಗ ನಾವಿನ್ನೂ ಕೋಲಾರ ಜಿಲ್ಲೆಗೆ ಸೇರಿದ್ದೆವು, ಹಾಗಾಗಿ ನಂಬರ್ ಪ್ಲೇಟಿನಲ್ಲಿ ಈಗಲೂ ಕೆಎ 07 ಎಂದೇ ಇದೆ. ತಂದೆಯವರು ಆಸೆಪಟ್ಟು ಕೊಂಡ ಕಾರು. ಅವರಿಗೆ ಕಣ್ಣು ಮಂಜಾದ ಮೇಲೆ ಮಗಳಾದ ನಾನೇ ಓಡಿಸುತ್ತಿದ್ದೇನೆ. ಗೂಡು ಬಿಡಿಸಿದ ದಿನ ಹಿಂದಿನ ಸೀಟು ಮಡಚಿ, ಚೀಲಗಳನ್ನು ತುಂಬಿಕೊಂಡು ಬೆಳಿಗ್ಗೆ ಮಾರುಕಟ್ಟೆಗೆ ಹೋಗುವುದು ಇದರಲ್ಲೇ. ಹರಾಜಿನ ಹೊತ್ತಿಗೆ ಗಾಡಿ ದಾರಿಯಲ್ಲಿ ನಿಂತರೆ ನಮ್ಮ ಒಂದು ಬೆಳೆಯ ದುಡಿಮೆಗೇ ಪೆಟ್ಟು.

ತೊಂದರೆ ಹೀಗಿದೆ. ಬೆಳಿಗ್ಗೆ ತಣ್ಣಗಿದ್ದಾಗ ಚೋಕ್ ಎಳೆದು ಕೀ ತಿರುಗಿಸಿದರೆ ತಕ್ಷಣ ಸ್ಟಾರ್ಟ್ ಆಗುತ್ತದೆ. ಮಾರುಕಟ್ಟೆಗೆ ಹೋಗಿ, ಚೀಲ ಇಳಿಸಿ, ಮತ್ತೆ ಕೀ ತಿರುಗಿಸಿದರೆ ‘ಟಕ್’ ಎಂಬ ಒಂದೇ ಸದ್ದು. ಡ್ಯಾಶ್‌ಬೋರ್ಡಿನ ದೀಪಗಳು ಮಂಕಾಗುತ್ತವೆ. ಅರ್ಧ ಗಂಟೆ ಬಿಟ್ಟು ನೋಡಿದರೆ ಏನೂ ಆಗದ ಹಾಗೆ ಹೊರಡುತ್ತದೆ. ಎಂಜಿನ್ ಬಿಸಿಯಾದ ಮೇಲೆ ಹಂಪ್ ಬಂದಾಗ ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಆಫ್ ಆಗುತ್ತದೆ; ಚೋಕ್ ಸ್ವಲ್ಪ ಎಳೆದಿಟ್ಟರೆ ಮಾತ್ರ ನಿಲ್ಲದೆ ಓಡುತ್ತದೆ. ರಾತ್ರಿ ಹೆಡ್‌ಲೈಟ್ ಅರಿಶಿನ ಬಣ್ಣಕ್ಕೆ ತಿರುಗಿರುತ್ತದೆ.

ಬ್ಯಾಟರಿ ಹೊಸದು ಹಾಕಿಸಿದೆವು. ಆಮೇಲೆ ಸೆಲ್ಫ್ (ಎಂಜಿನ್ ಹೊರಡಿಸುವ ಮೋಟಾರ್) ಬಿಚ್ಚಿಸಿ ಬ್ರಷ್, ಬುಷ್ ಎರಡನ್ನೂ ಬದಲಾಯಿಸಿದೆವು. ಈಗ ಒಬ್ಬರು ಡೈನಮೋ ಬದಲಾಯಿಸಬೇಕು ಎನ್ನುತ್ತಾರೆ, ಇನ್ನೊಬ್ಬರು ಇಡೀ ವೈರಿಂಗ್ ತೆಗೆದು ಹಾಕಬೇಕು ಎನ್ನುತ್ತಾರೆ. ಇಬ್ಬರೂ ಬಾನೆಟ್ ಎತ್ತಿ ನೋಡಿದ್ದು ಎರಡು ನಿಮಿಷ.

ಇನ್ನೊಂದು ಮಾತು, ಇದಕ್ಕೆ ಸಂಬಂಧ ಉಂಟೋ ಇಲ್ಲವೋ ತಿಳಿಯದು. ಮತ್ತೆ ಮತ್ತೆ ಕೀ ತಿರುಗಿಸಿದ ಮೇಲೆ ಚೋಕಿಗೆ ಕೈ ಹಾಕಿದರೆ ಅದು ಬಿಸಿಯಾಗಿರುತ್ತದೆ. ಪ್ಲಾಸ್ಟಿಕ್ ಸುಟ್ಟಂಥ ವಾಸನೆಯೂ ಬರುತ್ತದೆ.

ಬಾಗೇಪಲ್ಲಿ ಹೈವೇ

ಮೇಡಂ, ಬಿಸಿಯಾದಾಗ ಸ್ಟಾರ್ಟ್ ಆಗದಿದ್ದರೆ ಪೆಟ್ರೋಲ್ ಆವಿಯಾಗಿ ಪೈಪಿನಲ್ಲಿ ಕಟ್ಟಿಕೊಂಡಿರುತ್ತದೆ. ನಮ್ಮ ಅಂಬಾಸಿಡರ್‌ನಲ್ಲಿ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿಕೊಂಡೇ ಬೇಸಿಗೆ ಕಳೆಯುತ್ತಿದ್ದೆವು. ಐಡ್ಲಿಂಗಿಗೆ (ಆಕ್ಸಿಲರೇಟರ್ ಒತ್ತದೆ ಎಂಜಿನ್ ಓಡುವುದಕ್ಕೆ) ಕಾರ್ಬುರೇಟರಿನ ಸ್ಕ್ರೂ ಎರಡು ಸುತ್ತು ಬಿಗಿ ಮಾಡಿಸಿ, ಆಫ್ ಆಗುವುದು ನಿಲ್ಲುತ್ತದೆ. ಸೆಲ್ಫಿಗೆ ಸೊಲೆನಾಯ್ಡ್ (ಕರೆಂಟ್ ಬಂದಾಗ ಒಳಗಿನ ಕಡ್ಡಿ ಎಳೆಯುವ ಸ್ವಿಚ್) ಹೊಸದು ಹಾಕಿಸಿಬಿಡಿ.

ಆಟೊ ಎಲೆಕ್ಟ್ರಿಷಿಯನ್, ಚಿಂತಾಮಣಿ

ತಂಗೀ, ಇನ್ನು ಒಂದು ರೂಪಾಯಿಯ ಸಾಮಾನನ್ನೂ ಕೊಳ್ಳಬೇಡ. ನೀನು ಕೊನೆಗೆ ಬರೆದಿರುವ ಆ ಚೋಕಿನ ಬಿಸಿಯೇ ಮುಖ್ಯವಾದ ಸಂಗತಿ. ಅದನ್ನು ಅಂಗಡಿಯವರಿಗೆ ಹೇಳಿದ್ದೆಯೋ ಇಲ್ಲವೋ, ಅವರು ಕೇಳಿಸಿಕೊಂಡಿದ್ದರೆ ಕೆಲಸ ಅಲ್ಲೇ ಮುಗಿಯುತ್ತಿತ್ತು.

ಹಿಂದಿನ ಅಣ್ಣ ಹೇಳಿದ ಪೆಟ್ರೋಲ್ ಆವಿಯ ತೊಂದರೆ ನಿಜವಾಗಿಯೂ ಇದೆ. ಆದರೆ ಆಗ ಸೆಲ್ಫ್ ಚೆನ್ನಾಗಿ ತಿರುಗುತ್ತದೆ, ಎಂಜಿನ್ ಮಾತ್ರ ಹಿಡಿಯುವುದಿಲ್ಲ. ನಿನ್ನ ಗಾಡಿಯಲ್ಲಿ ಸೆಲ್ಫೇ ತಿರುಗುತ್ತಿಲ್ಲ. ಸೆಲ್ಫ್ ತಿರುಗುತ್ತದೆಯೋ ಇಲ್ಲವೋ ಎಂಬುದನ್ನು ಮೊದಲು ಕೇಳಬೇಕು. ತಿರುಗಿಯೂ ಹಿಡಿಯದಿದ್ದರೆ ಪೆಟ್ರೋಲ್ ಮತ್ತು ಪ್ಲಗ್ಗಿನ ಕಿಡಿ ನೋಡಬೇಕು. ತಿರುಗದಿದ್ದರೆ ಬ್ಯಾಟರಿಯಿಂದ ಸೆಲ್ಫಿನವರೆಗಿನ ದಾರಿ ನೋಡಬೇಕು.

ಆ ದಾರಿ ಎರಡು ಕಡೆಯದು. ಪ್ಲಸ್ಸಿನಿಂದ ಸೆಲ್ಫಿಗೆ ಹೋದಷ್ಟೇ ಕರೆಂಟ್ ಎಂಜಿನ್ನಿನ ಲೋಹದ ಮೂಲಕ ಮೈನಸ್ಸಿಗೆ ವಾಪಸ್ ಬರಬೇಕು. ಎಂಜಿನ್ ಕುಳಿತಿರುವುದು ರಬ್ಬರ್ ಮೌಂಟಿಂಗ್ ಮೇಲೆ, ಬಾಡಿಗೂ ಅದಕ್ಕೂ ನೇರ ಸಂಪರ್ಕವಿಲ್ಲ. ಬ್ಯಾಟರಿಯ ಮೈನಸ್ಸಿನಿಂದ ಎಂಜಿನ್ ಕಡೆಗೆ ಹೋಗಿ ಗೇರ್‌ಬಾಕ್ಸಿಗೆ ಬೋಲ್ಟ್ ಆಗುವ ದಪ್ಪ ಅರ್ತ್ ಕೇಬಲ್ಲೇ ವಾಪಸ್ ದಾರಿ. ಕಾಲುವೆ ಕಟ್ಟಿಕೊಂಡರೆ ನೀರು ಬದು ಒಡೆದು ಪಕ್ಕದ ಹೊಲಕ್ಕೆ ನುಗ್ಗುವ ಹಾಗೆ, ಆ ಕೇಬಲ್ ಕೆಟ್ಟಾಗ ಕರೆಂಟ್ ಬೇರೆ ದಾರಿ ಹುಡುಕುತ್ತದೆ. ಬಾಡಿಗೂ ಎಂಜಿನ್ನಿಗೂ ನಡುವೆ ಇರುವ ಬೇರೆ ಲೋಹ ಯಾವುದು? ಚೋಕ್ ಕೇಬಲ್, ಆಕ್ಸಿಲರೇಟರ್ ಕೇಬಲ್, ಕ್ಲಚ್ ಕೇಬಲ್. ಸೆಲ್ಫಿನ ಕರೆಂಟ್ ಆ ಸಣ್ಣ ತಂತಿಗಳಲ್ಲಿ ಹರಿಯುವುದರಿಂದಲೇ ಚೋಕ್ ಬಿಸಿಯಾಗುತ್ತಿರುವುದು. ಇದನ್ನು ಹೀಗೇ ಬಿಟ್ಟರೆ ಕೇಬಲ್ಲಿನ ಒಳಗಿನ ಪ್ಲಾಸ್ಟಿಕ್ ಕರಗಿ ಆಕ್ಸಿಲರೇಟರ್ ಒತ್ತಿದಲ್ಲೇ ಅಂಟಿಕೊಳ್ಳಬಹುದು. ದಯವಿಟ್ಟು ಸರಿಪಡಿಸುವವರೆಗೆ ಗೂಡು ತುಂಬಿಕೊಂಡು ಹೊರಡಬೇಡ.

ಅಂಗಡಿಯಲ್ಲಿ ಇದು ತಪ್ಪಿಹೋಗಲು ಕಾರಣವಿದೆ. ಟೆಸ್ಟ್ ಲ್ಯಾಂಪ್ ಇಟ್ಟರೆ ಕೆಟ್ಟ ಅರ್ತಿನಲ್ಲೂ ಅದು ಚೆನ್ನಾಗಿ ಉರಿಯುತ್ತದೆ, ಏಕೆಂದರೆ ಆ ಬಲ್ಬಿಗೆ ಬೇಕಾದದ್ದು ಅತಿ ಕಡಿಮೆ ಕರೆಂಟ್. ಸೆಲ್ಫ್ ಕೇಳುವುದು ನೂರು ಆಂಪಿಯರ್ ಆಸುಪಾಸಿನಲ್ಲಿ. ಒಂದು ಓಮಿನ ನೂರನೇ ಒಂದು ಭಾಗದಷ್ಟು ತಡೆ ಇದ್ದರೂ ಒಂದು ವೋಲ್ಟ್ ಅಲ್ಲೇ ಕಳೆದುಹೋಗುತ್ತದೆ. ಅಷ್ಟು ಸಣ್ಣ ತಡೆ ಮಾಮೂಲಿ ಮೀಟರಿನ ಓಮ್ ಅಳತೆಯಲ್ಲಿ ಕಾಣಿಸುವುದೂ ಇಲ್ಲ. ಜೊತೆಗೆ ತಾಮ್ರ ಹತ್ತು ಡಿಗ್ರಿ ಬಿಸಿಯಾದರೆ ಅದರ ತಡೆ ಶೇ 4ರಷ್ಟು ಏರುತ್ತದೆ. ಕಿಲುಬು ಹಿಡಿದ ಜಾಯಿಂಟ್ ಬಿಸಿಗೆ ಇನ್ನಷ್ಟು ಸಡಿಲವಾಗುತ್ತದೆ. ಬೆಳಿಗ್ಗೆ ಹೊರಡುವ ಗಾಡಿ ಮಾರುಕಟ್ಟೆಯಲ್ಲಿ ಹಠ ಹಿಡಿಯುವುದು ಇದಕ್ಕೇ.

ಆದ್ದರಿಂದ ಸೆಲ್ಫ್ ಎಳೆಯುತ್ತಿರುವಾಗಲೇ ಅಳೆಯಬೇಕು. ಒಂದು ಮಲ್ಟಿಮೀಟರ್ ತೆಗೆದುಕೊಂಡು ಡಿಸಿ 20 ವೋಲ್ಟಿಗೆ ಇಡು. ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಮೇಲೆ, ಕೈಯಲ್ಲಿ ಉಂಗುರ ಬಳೆ ಬೇಡ. ಗಾಡಿ ಬಿಸಿಯಾಗಿ ತೊಂದರೆ ಕೊಡುತ್ತಿರುವಾಗ ಕಪ್ಪು ತಂತಿಯನ್ನು ಬ್ಯಾಟರಿಯ ಮೈನಸ್ ಸೀಸದ ಕಂಬದ ಮೇಲೆ ಇಡು, ಅದಕ್ಕೆ ಬಿಗಿದ ಕ್ಲಾಂಪಿನ ಮೇಲಲ್ಲ. ಕೆಂಪು ತಂತಿ ಎಂಜಿನ್ನಿನ ಬಣ್ಣವಿಲ್ಲದ ಲೋಹಕ್ಕೆ. ಮನೆಯವರು ಯಾರಾದರೂ ಕೀ ತಿರುಗಿಸಲಿ. ಮೀಟರ್ 0.2, ಹೆಚ್ಚೆಂದರೆ 0.3 ವೋಲ್ಟ್ ತೋರಿಸಬೇಕು. ಅದಕ್ಕಿಂತ ಹೆಚ್ಚಿದ್ದರೆ ಕೆಂಪು ತಂತಿಯನ್ನು ಒಂದೊಂದೇ ಜಾಯಿಂಟಿಗೆ ಹಿಂದಕ್ಕೆ ತಾ: ಬೋಲ್ಟ್, ಲಗ್ (ಕೇಬಲ್ ತುದಿಯ ಲೋಹದ ಬಳೆ), ಕೇಬಲ್, ಕ್ಲಾಂಪ್. ಎಲ್ಲಿ ಸಂಖ್ಯೆ ದಿಢೀರನೆ ಇಳಿಯುತ್ತದೆಯೋ ಅಲ್ಲೇ ರೋಗ. ಪ್ಲಸ್ ಕಡೆಯೂ ಹೀಗೇ ನೋಡು. ಬ್ಯಾಟರಿಯಿಂದ ಸೆಲ್ಫಿನ ದೊಡ್ಡ ಬೋಲ್ಟಿನವರೆಗೆ 0.5 ದಾಟಬಾರದು.

ಮೀಟರ್ ಸಿಗದಿದ್ದರೆ ಒಂದು ಜಂಪರ್ ಕೇಬಲ್ ತಂದು ಬ್ಯಾಟರಿ ಮೈನಸ್ಸಿನಿಂದ ನೇರ ಎಂಜಿನ್ನಿನ ದಪ್ಪ ಬ್ರಾಕೆಟ್ಟಿಗೆ ಕಚ್ಚಿಸು, ಪೆಟ್ರೋಲ್ ಪೈಪಿನಿಂದ ದೂರ ಇರಲಿ. ಆಗ ಸೆಲ್ಫ್ ಗಿರ್ರನೆ ತಿರುಗಿದರೆ ಬೇರೆ ಸಾಕ್ಷಿ ಬೇಡ.

ಹೆಡ್‌ಲೈಟ್ ಮಂಕಾಗಿರುವುದಕ್ಕೂ ಇದೇ ಕಾರಣ ಇರಬಹುದು. ಡೈನಮೋ ಕೂಡ ಎಂಜಿನ್ನಿಗೇ ಬೋಲ್ಟ್ ಆಗಿದೆ, ಅದರ ಕರೆಂಟಿಗೂ ಇದೇ ದಾರಿ. ಅರ್ತ್ ಸರಿ ಮಾಡದೆ ಡೈನಮೋ ಬದಲಾಯಿಸಿದರೆ ದುಡ್ಡು ನೀರಿಗೆ ಹಾಕಿದಂತೆ. ಮತ್ತೆ, ಕಾರ್ಬುರೇಟರಿನ ಸ್ಕ್ರೂ ಮುಟ್ಟಬೇಡ. ಅದು ಸರಿಯಾಗಿಯೇ ಇದ್ದರೆ ನೀನು ಎರಡು ತೊಂದರೆಗಳ ಜೊತೆ ಮೂರನೆಯದನ್ನು ಕಟ್ಟಿಕೊಂಡಂತಾಗುತ್ತದೆ.

ಗೌರಿಬಿದನೂರಿನ ಪದ್ಮಿನಿ

ಚಿಂತಾಮಣಿಯ ಯಜಮಾನರು ಅರ್ತ್ ಬಗ್ಗೆ ಹೇಳಿದ್ದು ಅಕ್ಷರಶಃ ಸರಿ. ನಾನು ಐಡ್ಲಿಂಗ್ ಬಗ್ಗೆ ಸೇರಿಸುತ್ತೇನೆ.

ಚೋಕ್ ಎಳೆದಿಟ್ಟರೆ ಓಡುತ್ತದೆ ಎಂದರೆ ಐಡ್ಲಿಂಗಿನಲ್ಲಿ ಪೆಟ್ರೋಲ್ ಸಾಲುತ್ತಿಲ್ಲ ಅಥವಾ ಗಾಳಿ ಹೆಚ್ಚಾಗಿ ಒಳಗೆ ಬರುತ್ತಿದೆ. ಮೊದಲು ಎಂಜಿನ್ ಆಫ್ ಇರುವಾಗ ಕೀಯನ್ನು ಸ್ಟಾರ್ಟ್ ಮಾಡದೆ ಆನ್ ಮಾತ್ರ ಮಾಡಿ, ಕಾರ್ಬುರೇಟರಿನ ಪಕ್ಕ ಕಿವಿ ಇಡಿ. ಅಲ್ಲಿರುವ ಪುಟ್ಟ ಸೊಲೆನಾಯ್ಡ್ ‘ಟಿಕ್’ ಎನ್ನಬೇಕು. ಅದಕ್ಕೆ ಕರೆಂಟ್ ಬಾರದಿದ್ದರೆ ಐಡ್ಲಿಂಗಿನ ಪೆಟ್ರೋಲ್ ದಾರಿ ಮುಚ್ಚಿಯೇ ಇರುತ್ತದೆ. ಟಿಕ್ ಎಂದರೆ ಮುಂದಿನದು ಸ್ಲೋ ಜೆಟ್ಟಿನಲ್ಲಿ (ಐಡ್ಲಿಂಗಿಗೆ ಪೆಟ್ರೋಲ್ ಬಿಡುವ ಸಣ್ಣ ತೂತು) ಕಸ, ಇಲ್ಲವೇ ವ್ಯಾಕ್ಯೂಮ್ ಹೋಸ್ (ಎಂಜಿನ್ ಗಾಳಿ ಎಳೆಯುವ ಸಣ್ಣ ರಬ್ಬರ್ ಪೈಪ್) ಬಿರುಕು.

ನನಗೆ ಹೋಸ್ ಮೇಲೆಯೇ ಅನುಮಾನ. ಶೇ 20 ಎಥನಾಲ್ ಬೆರೆತ ಪೆಟ್ರೋಲಿಗೆ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಚಾಲನೆ ಸಿಕ್ಕಿತು. ತೊಂಬತ್ತರ ದಶಕದ ಗಾಡಿಗಳ ರಬ್ಬರನ್ನು ಅದಕ್ಕೆಂದು ಮಾಡಿದ್ದಲ್ಲ. ಪೆಟ್ರೋಲ್ ಪೈಪನ್ನು ಮುಟ್ಟಿ ನೋಡಿ: ಮೆತ್ತಗೆ ಊದಿಕೊಂಡಿದ್ದರೆ, ಉಗುರಿನಿಂದ ಒತ್ತಿದಾಗ ಕಪ್ಪು ಕೈಗೆ ಅಂಟಿದರೆ ಬದಲಾಯಿಸಿ. ಎಥನಾಲ್ ನೀರನ್ನೂ ಹೀರುತ್ತದೆ, ಹಾಗಾಗಿ ವಾರಗಟ್ಟಲೆ ನಿಲ್ಲಿಸುವ ಗಾಡಿಯಲ್ಲಿ ಹಳೆಯ ಪೆಟ್ರೋಲ್ ಉಳಿಸಬೇಡಿ. ವ್ಯಾಕ್ಯೂಮ್ ಹೋಸ್‌ಗಳು ಮಾತ್ರ ಎಂಜಿನ್ ಬಿಸಿಗೆ ಒಣಗಿ ತುದಿಯಲ್ಲಿ ಸೀಳುತ್ತವೆ. ಎಂಜಿನ್ ಓಡುತ್ತಿರುವಾಗ ಒಂದೊಂದೇ ಹೋಸನ್ನು ಬುಡದಲ್ಲಿ ಇಕ್ಕಳದಿಂದ ಹಗುರಾಗಿ ಹಿಸುಕಿ. ಯಾವುದನ್ನು ಹಿಸುಕಿದಾಗ ಐಡ್ಲಿಂಗ್ ಸ್ಥಿರವಾಗುತ್ತದೆಯೋ ಅದರ ಮುಂದೆ ಗಾಳಿ ಸೋರುತ್ತಿದೆ. ಫ್ಯಾನ್ ಕಡೆ ಸೆರಗು, ದುಪಟ್ಟಾ ಹೋಗದಂತೆ ನೋಡಿಕೊಳ್ಳಿ.

ರೇಷ್ಮೆ ಮನೆ, ಶಿಡ್ಲಘಟ್ಟ

ಅಣ್ಣಾ, ನೀವು ಹೇಳಿದ ಹಾಗೆಯೇ ಅಳೆದೆವು. ತಮ್ಮ ಕೀ ತಿರುಗಿಸಿದ, ಮೀಟರ್ ನಾನು ಹಿಡಿದೆ. ಬಿಸಿಯಿದ್ದಾಗ 2 ವೋಲ್ಟ್ ದಾಟಿತು! ಕೆಂಪು ತಂತಿಯನ್ನು ಹಿಂದಕ್ಕೆ ತರುತ್ತಾ ಬಂದರೆ ಗೇರ್‌ಬಾಕ್ಸಿನ ಬೋಲ್ಟಿಗೂ ಲಗ್ಗಿಗೂ ನಡುವೆಯೇ ಬಹುಪಾಲು ಹೋಗುತ್ತಿತ್ತು. ಬ್ಯಾಟರಿಯ ಮೈನಸ್ ಮೊದಲು ಬಿಚ್ಚಿ ಆ ಬೋಲ್ಟ್ ತೆಗೆದೆವು. ಮೇಲಿನಿಂದ ನೋಡಿದರೆ ಬಿಗಿಯಾಗಿ ಅಚ್ಚುಕಟ್ಟಾಗಿಯೇ ಇತ್ತು. ಲಗ್ಗಿನ ತಳದಲ್ಲಿ ಮಾತ್ರ ಹಸಿರು ಕಿಲುಬು ಪುಡಿ ಪುಡಿಯಾಗಿ ಕಟ್ಟಿತ್ತು. ಕೇಬಲ್ ಲಗ್ಗಿನೊಳಗೆ ಸೇರುವ ಕಡೆ ಅರ್ಧದಷ್ಟು ಎಳೆಗಳು ತುಂಡಾಗಿದ್ದವು, ಉಳಿದವು ಕಪ್ಪಗಾಗಿದ್ದವು. ಅದೇ ದಪ್ಪದ ಹೊಸ ಕೇಬಲ್ ಮಾಡಿಸಿ, ಬೋಲ್ಟ್ ಕೂರುವ ಜಾಗವನ್ನು ಉಪ್ಪುಕಾಗದದಿಂದ ಹೊಳೆಯುವವರೆಗೆ ಉಜ್ಜಿ ಹಾಕಿದೆವು. ಈಗ 0.1 ತೋರಿಸುತ್ತಿದೆ. ಬಿಸಿಯಲ್ಲೂ ಕೀ ತಿರುಗಿಸಿದ ಕೂಡಲೇ ಸ್ಟಾರ್ಟ್. ಚೋಕ್ ತಣ್ಣಗಿದೆ. ತಂದೆಯವರಂತೂ ಸದ್ದು ಕೇಳಿ ಒಳಗಿನಿಂದ ಎದ್ದು ಬಂದರು.

ಗೌರಿಬಿದನೂರಿನವರೇ, ಸೊಲೆನಾಯ್ಡ್ ಟಿಕ್ ಎಂದಿತು. ಹೋಸ್‌ಗಳಲ್ಲಿ ಒಂದರ ತುದಿ ಸೀಳಿತ್ತು, ಕೈಯಲ್ಲಿ ಬಗ್ಗಿಸಿದರೆ ಬಾಯಿ ಬಿಡುತ್ತಿತ್ತು. ಬದಲಾಯಿಸಿದ ಮೇಲೆ ಚೋಕ್ ಇಲ್ಲದೆಯೂ ಆಫ್ ಆಗದೆ ಓಡುತ್ತಿದೆ.

ಹೆಡ್‌ಲೈಟ್ ಸುಧಾರಿಸಿದೆ, ಆದರೆ ಪೂರ್ತಿ ಇಲ್ಲ. ಎಂಜಿನ್ ಓಡುವಾಗ ಬ್ಯಾಟರಿಯಲ್ಲಿ 14.1 ಇದೆ, ಹೆಡ್‌ಲೈಟ್ ಹಾಕಿದರೆ 13ಕ್ಕೆ ಇಳಿಯುತ್ತದೆ. ಕೇಬಲ್ ಕಡೆಯಿಂದಲೇ ಇನ್ನೂ ಏನಾದರೂ ಉಳಿದಿದೆಯೇ?

ಆಟೊ ಎಲೆಕ್ಟ್ರಿಷಿಯನ್, ಚಿಂತಾಮಣಿ

ಬಹಳ ಸಂತೋಷ ತಂಗೀ. ಬೋಲ್ಟಿನ ಮೇಲೆ ಸ್ವಲ್ಪ ವ್ಯಾಸಲೀನ್ ಸವರಿಬಿಡು, ಕಿಲುಬು ಬೇಗ ಹತ್ತುವುದಿಲ್ಲ. ಆಕ್ಸಿಲರೇಟರ್ ಕೇಬಲ್ಲನ್ನು ಒಮ್ಮೆ ಕೈಯಿಂದ ಎಳೆದು ನೋಡು. ಒಂದಿಷ್ಟು ತಡೆದು ವಾಪಸ್ ಬಂದರೂ ಹೊಸದು ಹಾಕಿಸು, ಅದರಲ್ಲಿ ಚೌಕಾಸಿ ಬೇಡ.

14.1 ಬರುತ್ತಿರುವುದರಿಂದ ಡೈನಮೋ, ಕಟ್‌ಔಟ್ (ಅದರ ವೋಲ್ಟೇಜ್ ಹತೋಟಿಯಲ್ಲಿಡುವ ಭಾಗ) ಎರಡೂ ಜೀವಂತವಾಗಿವೆ. ಭಾರ ಬಿದ್ದಾಗ ಮಾತ್ರ ಇಳಿಯುತ್ತದೆ ಎಂದರೆ ಮೊದಲು ಬೆಲ್ಟ್ ನೋಡು. ಎಂಜಿನ್ ಆಫ್ ಮಾಡಿ, ಎರಡು ಪುಲ್ಲಿಗಳ ನಡುವೆ ಹೆಬ್ಬೆರಳಿನಿಂದ ಒತ್ತಿದರೆ ಸುಮಾರು ಒಂದು ಸೆಂಟಿಮೀಟರ್ ಒಳಗೆ ಹೋಗಬೇಕು. ಹೆಚ್ಚು ಹೋದರೆ ಬಿಗಿ ಮಾಡಿಸು. ಬೆಲ್ಟಿನ ಒಳಬದಿ ಗಾಜಿನಂತೆ ಹೊಳೆಯುತ್ತಿದ್ದರೆ ಬಿಗಿ ಮಾಡಿ ಪ್ರಯೋಜನವಿಲ್ಲ, ಬದಲಾಯಿಸು. ಬೆಲ್ಟ್ ಚೆನ್ನಾಗಿದ್ದರೆ ಆಕ್ಸಿಲರೇಟರ್ ಸ್ವಲ್ಪ ಒತ್ತಿ ಹಿಡಿದು ಮತ್ತೆ ಅಳೆ, ಆಗಲೂ 13.5 ದಾಟದಿದ್ದರೆ ಡೈನಮೋ ಬಿಚ್ಚಿಸಿ ಕಾರ್ಬನ್ ಬ್ರಷ್ ಮತ್ತು ಡಯೋಡ್ ನೋಡಿಸು. ಪೂರ್ತಿ ಹೊಸದು ಹಾಕಬೇಕೆಂದರೆ ಮೊದಲು ಹಳೆಯ ಬ್ರಷ್ ಕೈಗೆ ಕೊಡಲು ಹೇಳು, ಸವೆದಿರುವುದನ್ನು ಕಣ್ಣಾರೆ ನೋಡಿದ ಮೇಲೆ ಒಪ್ಪಿಕೋ.