ಸಹಾಯ ಬೇಕು: ಸಿಂಧನೂರು ಕಡೆ ಲೇಡಿ ಡಾಕ್ಟರ್ ಯಾರಿದ್ದಾರೆ?

ಅಕ್ಕಂದಿರೇ, ನನ್ನ ನೆಗೆಣ್ಣಿಗೆ ಬಿಳಿ ಸೆರಗು ಜಾಸ್ತಿ ಆಗಿದೆ. ಭತ್ತದ ನಾಟಿಗೆ ಹೋಗುತ್ತಾಳೆ, ದಿನವಿಡೀ ಒದ್ದೆ ಸೀರೆಯಲ್ಲೇ ಕೆಲಸ. ಮೊದಲು ಒಡೆದ ಮೊಸರಿನ ಹಾಗೆ ಗಟ್ಟಿಯಾಗಿ ಹೋಗುತ್ತಿತ್ತು, ವಿಪರೀತ ತುರಿಕೆ. ಮೆಡಿಕಲ್ ಶಾಪಿನವರು ಕೊಟ್ಟ ಫಂಗಸ್ ಮಾತ್ರೆ ಒಳಗೆ ಇಟ್ಟುಕೊಂಡ ಮೇಲೆ ಕಡಿಮೆಯಾಯಿತು. ಈಗ ಹಾಗಲ್ಲ. ತೆಳ್ಳಗೆ, ಬೂದು ಬಣ್ಣ, ಮೀನಿನ ವಾಸನೆ. ಅದೇ ಮಾತ್ರೆ ಮತ್ತೆ ತರುತ್ತೇನೆ ಅಂತಾಳೆ. ಇದು ಬ್ಯಾಕ್ಟೀರಿಯಾ ಸೋಂಕು ಇರಬಹುದು, ಅದಕ್ಕೆ ಔಷಧಿಯೇ ಬೇರೆ. ಲೈಂಗಿಕ ಸಂಪರ್ಕದಿಂದ ಹರಡುವ ಟ್ರೈಕೊಮೊನಾಸ್ ಅನ್ನೋ ರೋಗಾಣು ಆಗಿದ್ದರೆ ಗಂಡನಿಗೂ ಚಿಕಿತ್ಸೆ ಕೊಡಬೇಕು. ಪರೀಕ್ಷೆ ಮಾಡದೆ ಹೇಗೆ ಗೊತ್ತಾಗುತ್ತೆ, ಅಲ್ವಾ?

ಮನೆಯಲ್ಲಿ ಅತ್ತೆ "ಹೀಟ್ ಆಗಿದೆ, ಸೋಪು ಹಾಕಿ ಒಳಗೆ ತೊಳಿ" ಅಂತಾರೆ. ಅದನ್ನು ಬಿಡಿಸಿದ್ದೇನೆ. ಹಾಗೆ ತೊಳೆದರೆ ಒಳ್ಳೆಯ ಬ್ಯಾಕ್ಟೀರಿಯಾನೂ ಹೋಗಿ ಸೋಂಕು ಹೆಚ್ಚುತ್ತದೆ. ಈ ತಿಂಗಳು ಮುಟ್ಟು ಬೇರೆ ತಡವಾಗಿದೆ. ಬಸುರಿ ಇದ್ದರೆ ಸುಮ್ನೆ ಮಾತ್ರೆ ನುಂಗಿಸಲು ನನಗೆ ಭಯ.

ಸಿಂಧನೂರು ಸರ್ಕಾರಿ ಆಸ್ಪತ್ರೆಯಲ್ಲಿ ಲೇಡಿ ಡಾಕ್ಟರ್ ಯಾವ ದಿನ ಸಿಗುತ್ತಾರೆ? ರಾಯಚೂರು ರಿಮ್ಸ್ ಸರ್ಕಾರಿ ಆಸ್ಪತ್ರೆಗೆ ಹೋದರೆ ಲೈಂಗಿಕ ಸೋಂಕು ನೋಡುವ ಸುರಕ್ಷಾ ಕ್ಲಿನಿಕ್‌ನಲ್ಲಿ ತೋರಿಸಬೇಕಾ, ಹೆರಿಗೆ ವಿಭಾಗದಲ್ಲಾ? ಗಂಡಸರಿದ್ದರೆ ಅವಳು ಬಾಯಿ ಬಿಡುವುದೇ ಇಲ್ಲ. ಗೊತ್ತಿದ್ದವರು ದಯವಿಟ್ಟು ಇವತ್ತೇ ಹೇಳಿ, ನಾಳೆ ಬೆಳಿಗ್ಗೆ ಬಸ್ಸಿಗೆ ಕರೆದುಕೊಂಡು ಹೊರಡುತ್ತೇನೆ.